ಹಾಲಿನ ಸೊಸೈಟಿಯಿಂದ ತಿರುವಿನವರೆಗೆ

ಬೆಳಗ್ಗೆ ಆರೂ ಕಾಲು. ಮಂಜಿನೊಳಗಿಂದ ಮೊದಲು ಬರುವುದು ಕ್ಯಾನಿನ ಸದ್ದು, ಹಿಡಿಕೆ ತಾಗಿ ಆಗುವ ಸಣ್ಣ ಟಿಣ್ ಟಿಣ್. ಆಮೇಲೆ ಚಪ್ಪಲಿಯ ಸದ್ದು, ಆಮೇಲೆ ನೈಟಿಯ ಮೇಲೆ ಹೊದ್ದ ಶಾಲು, ಕೊನೆಗೆ ಮುಖ. ಹೆಂಗಸರು ಒಬ್ಬೊಬ್ಬರಾಗಿ ಆ ಬಿಳಿಯಿಂದ ಮೂಡಿಬಂದು ಹಾಲಿನ ಸೊಸೈಟಿಯ ಜಗಲಿ ಹತ್ತುತ್ತಾರೆ. ಎದುರಿನ ಗುಡ್ಡದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ ಗಂಡಸರ ಹಣೆಯ ದೀಪಗಳು ಮರದಿಂದ ಮರಕ್ಕೆ ಸರಿಯುತ್ತಿವೆ. ನಿದ್ದೆಯಲ್ಲೇ ಎದ್ದು ಏನನ್ನೋ ಹುಡುಕುತ್ತಿರುವವರ ಹಾಗೆ ಅವು ನಿಲ್ಲುತ್ತವೆ, ಬಾಗುತ್ತವೆ, ಮುಂದೆ ಹೋಗುತ್ತವೆ.

ಜಗಲಿಯ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಸ್ಟೂಲಿನ ಮೇಲೆ ಬಿಪಿ ನೋಡುವ ಮೆಷಿನ್. ಪಕ್ಕದಲ್ಲಿ ಗುಲಾಬಿ ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್ ಹಾಕಿಕೊಂಡು ಪ್ರೇಮಾವತಿ ನಿಂತಿದ್ದಾರೆ. ನಲವತ್ತೇಳು ವರ್ಷದ ಆಶಾ ಕಾರ್ಯಕರ್ತೆ. ತಮ್ಮ ಮನೆಯ ದನದ ಹಾಲನ್ನೂ ಅವರು ಇಲ್ಲಿಗೇ ತರುತ್ತಾರೆ. ಹಾಲು ಅಳೆಯುವ ಧರ್ಣಪ್ಪ ಸ್ಯಾಂಪಲ್ ಎತ್ತಿ ಬೆಳಕಿಗೆ ಹಿಡಿದು, ಪ್ರೇಮಕ್ಕನ ದನ ಬಾವಿಗೆ ಬಾಯಿ ಹಾಕಿಯೇ ಕುಡಿಯುವುದಾ ಎಂದು ವಿಚಾರಿಸುತ್ತಾರೆ. "ನಿನ್ನ ಮೀಟರಿಗೆ ಒಂದು ಇಂಜೆಕ್ಷನ್ ಕೊಡಬೇಕು ಮಾರಾಯ, ಸರಿಯಾಗ್ತದೆ" ಎಂದು ಪ್ರೇಮಾವತಿ ತಿರುಗಿಯೂ ನೋಡದೆ ಹೇಳುತ್ತಾರೆ. ಸಾಲಿನಲ್ಲಿದ್ದ ಹೆಂಗಸರು ಶಾಲಿನೊಳಗೆ ನಗುತ್ತಾರೆ.

ಆ ನಗುವಿನ ನಡುವೆಯೇ ಅವರು ಒಬ್ಬೊಬ್ಬರ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾರೆ. ಪಟ್ಟಿ ಸುತ್ತಬೇಕಾದರೆ ತೋಳು ಮೇಲೆ ಹೋಗಬೇಕು. ತೋಳು ಮೇಲೆ ಹೋದರೆ ಅಲ್ಲಿ ಏನುಂಟೋ ಕಾಣುತ್ತದೆ. ಕಂಡದ್ದರ ಬಗ್ಗೆ ಪ್ರೇಮಾವತಿ ಅಲ್ಲಿ ಒಂದು ಮಾತೂ ಆಡುವುದಿಲ್ಲ. ನಂಬರ್ ಹೇಳಿ, ಉಪ್ಪು ಕಮ್ಮಿ ಮಾಡು ಎಂದು ಹೇಳಿ, "ಸ್ವಲ್ಪ ನಿಲ್ಲು, ನಾನೂ ಆ ದಾರಿಯೇ, ಒಟ್ಟಿಗೆ ಹೋಗುವ" ಎನ್ನುತ್ತಾರೆ.

ಸೊಸೈಟಿಯಿಂದ ಮಣ್ಣಿನ ದಾರಿ ಇಳಿದು ಒಂದು ತಿರುವಿನವರೆಗೆ ಹೋಗುತ್ತದೆ. ಬೇಗ ನಡೆದರೆ ಏಳು ನಿಮಿಷ, ನಿಧಾನಕ್ಕೆ ನಡೆದರೆ ಹನ್ನೊಂದು. ತಿರುವು ದಾಟಿದರೆ ಮನೆಗಳು ಕಾಣುತ್ತವೆ, ಮನೆಗಳಿಗೆ ನಾವೂ ಕಾಣುತ್ತೇವೆ. ಅದಕ್ಕಿಂತ ಮೊದಲಿನ ಆ ಹನ್ನೊಂದು ನಿಮಿಷಗಳಲ್ಲಿ ಪ್ರೇಮಾವತಿಯವರ ಇನ್ನೊಂದು ಕೆಲಸ ನಡೆಯುತ್ತದೆ. ಗಂಡಸರು ಆ ಹೊತ್ತಿಗೆ ಗುಡ್ಡದಲ್ಲಿರುತ್ತಾರೆ. ಅತ್ತೆಯಂದಿರು ಒಲೆಯ ಮುಂದಿರುತ್ತಾರೆ. ಹೊಡೆತ ತಿಂದ ಹೆಂಗಸು ಯಾರ ಕಣ್ಣೂ ಇಲ್ಲದೆ ಒಬ್ಬಳೇ ಇರುವುದು ದಿನದಲ್ಲಿ ಆ ದಾರಿಯಲ್ಲಿ ಮಾತ್ರ.

ಬೆಳ್ತಂಗಡಿ ತಾಲೂಕಿನಲ್ಲಿ ನೆರಿಯ, ಮುಂಡಾಜೆಯ ಕಡೆಯ ಊರು ಇದು. ಯಾವ ಊರು, ಯಾವ ಸೊಸೈಟಿ ಎಂದು ಬರೆಯುವುದಿಲ್ಲ. ಇಲ್ಲಿ ಬರುವ, ಕಷ್ಟ ಕಂಡ ಹೆಂಗಸರ ಮತ್ತು ಅವರ ಮನೆಯವರ ಹೆಸರುಗಳನ್ನು ಬದಲಿಸಿದ್ದೇನೆ. ಈ ದಾರಿಯ ಗುಟ್ಟು ಹೊರಗೆ ಬಂದರೆ ತೊಂದರೆಯಲ್ಲವೇ ಎಂದು ಕೇಳಿದರೆ ಪ್ರೇಮಾವತಿ ನಗುತ್ತಾರೆ. "ನಮ್ಮಲ್ಲಿ ಹೆಂಡತಿ ದೇವಸ್ಥಾನಕ್ಕೆ ಹೋಗುವುದನ್ನು ನಿಲ್ಲಿಸ್ತಾರೆ, ತವರಿಗೆ ಹೋಗುವುದನ್ನು ನಿಲ್ಲಿಸ್ತಾರೆ. ಹಾಲು ಕೊಡ್ಲಿಕ್ಕೆ ಹೋಗುವುದನ್ನು ಯಾರು ನಿಲ್ಲಿಸ್ತಾರೆ ಅಮ್ಮ?"

ಪ್ರೇಮಾವತಿ ಹುಟ್ಟಿದ್ದು ಕನ್ಯಾನದಲ್ಲಿ. ಓದಿದ್ದು ಹತ್ತನೆಯವರೆಗೆ. ಮದುವೆಯಾಗಿ ಈ ಕಡೆ ಬಂದರು. ಹದಿನಾರು ವರ್ಷದ ಹಿಂದೆ ಆಶಾ ಕೆಲಸಕ್ಕೆ ಸೇರಿದಾಗ ಅವರಿಗೆ ಸಿಕ್ಕಿದ್ದು ಇನ್ನೂರ ಹದಿನಾಲ್ಕು ಮನೆಗಳು. ಇಂದಿಗೂ ಸುಮಾರು ಅಷ್ಟೇ. ಈಗ ಆರು ಮಂದಿ ಗರ್ಭಿಣಿಯರು, ಒಂಬತ್ತು ಹಸುಗೂಸುಗಳು, ಕ್ಷಯದ ಮಾತ್ರೆ ನುಂಗುವ ಇಬ್ಬರು, ಬಿಪಿ ಇರುವ ಎಂಬತ್ತೊಂದು ಮಂದಿ. ದಿನಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ನಡಿಗೆ. ನನ್ನ ಮೊಣಕಾಲಿನ ನೋವು ಕಂಡು ಅವರು ನಾನು ಜೊತೆಗಿದ್ದ ದಿನಗಳಲ್ಲೆಲ್ಲ ನಡಿಗೆ ನಿಧಾನ ಮಾಡಿದರು. ಹಾಗೆ ಮಾಡಿದ್ದು ನನಗೆ ಗೊತ್ತಾಗಬಾರದೆಂದು ದಾರಿಬದಿಯ ಗಿಡಗಳ ಹೆಸರು ಹೇಳುತ್ತಾ ನಿಂತರು.

ಅವರು ತುಂಬಿಸುವ ಪುಸ್ತಕಗಳಲ್ಲಿ ಜನನ, ಮರಣ, ಲಸಿಕೆ, ಜ್ವರ ಎಲ್ಲಕ್ಕೂ ಕಾಲಂ ಉಂಟು. ಹೊಡೆತಕ್ಕೆ ಇಲ್ಲ. ಅದನ್ನು ಅವರು ಎಲ್ಲಿಯೂ ಬರೆಯುವುದಿಲ್ಲ, ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆ. ಈ ಹದಿನಾರು ವರ್ಷಗಳಲ್ಲಿ ನಲವತ್ತಮೂರು ಮಂದಿ. ಲೆಕ್ಕ ಹೇಳುವಾಗ ಬೆರಳು ಮಡಚುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ, ಬೆರಳನ್ನು ಹಾಗೆಯೇ ಹಿಡಿದುಕೊಳ್ಳುತ್ತಾರೆ. ಅದು ಎರಡನೆಯ ಬೆರಳು. ಆ ಹೆಂಗಸನ್ನು ದಮಯಂತಿ ಎಂದು ಕರೆಯೋಣ.

ಹನ್ನೆರಡು ವರ್ಷದ ಹಿಂದಿನ ಮಾತು. ದಮಯಂತಿ ಬೆನ್ನು ತೋರಿಸಿ ಅತ್ತಾಗ ಪ್ರೇಮಾವತಿಗೆ ತೋಚಿದ್ದು ಒಂದೇ ದಾರಿ, ಇಲ್ಲಿ ಯಾರಿಗೂ ತೋಚುವಂಥದ್ದು. ಈ ಮನೆತನಗಳಲ್ಲಿ ಹೆಣ್ಣಿನ ಕಷ್ಟಸುಖ ಕೇಳಬೇಕಾದವನು ತಾಯಿಯ ತಮ್ಮ. ಅಪ್ಪನಿಗಿಂತ ಒಂದು ತೂಕ ಹೆಚ್ಚು ಅವನ ಮಾತಿಗೆ. ಪ್ರೇಮಾವತಿ ದಮಯಂತಿಯ ಸೋದರಮಾವ ತುಕ್ರಪ್ಪನವರಿಗೆ ಫೋನ್ ಮಾಡಿದರು. ಅವರು ಸಂಜೆಯೇ ಬಂದರು. ಅಂಗಳದಲ್ಲಿ ನಿಂತು ಜೋರು ಮಾಡಿದರು. ಗಂಡನ ಮನೆಯವರು ಎದುರು ಮಾತಾಡಲಿಲ್ಲ, ಚಾಪೆ ಹಾಸಿ ಕೂರಿಸಿ, ಹಿತ್ತಾಳೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ತುಕ್ರಪ್ಪ ದಣಿದಿದ್ದರು. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಒಂದು ಮನೆಯ ಬೆಲ್ಲ ನೀರು ಕುಡಿದ ಮೇಲೆ ಆ ಮನೆಯ ಮೇಲೆ ಜಗಳ ಮುಂದುವರಿಸುವ ಪದ್ಧತಿ ಇಲ್ಲಿಲ್ಲ. ಸೋದರಸೊಸೆಗೆ ಸ್ವಲ್ಪ ಹೊಂದಿಕೊಂಡು ಹೋಗು ಎಂದು ಹೇಳಿ ಅವರು ಬಸ್ ಹತ್ತಿದರು.

"ನಿನ್ನ ಮಾವನೇ ಬೆಲ್ಲ ನೀರು ಕುಡಿದು ಹೋಗಿದ್ದಾನೆ, ಇನ್ನು ಯಾರನ್ನು ಕರೀತೀ ಅಂತ ಹೇಳಿ ಹೇಳಿ ಗಂಡ ಹೊಡೆದ" ಎನ್ನುತ್ತಾರೆ ಪ್ರೇಮಾವತಿ. "ಎಡದ ಕಿವಿ ಹೋಯ್ತು. ತುಕ್ರಪ್ಪಣ್ಣ ಕೆಟ್ಟವರಲ್ಲ. ತಪ್ಪು ನನ್ನದು. ಫೋನ್ ಮಾಡುವುದಾ ಬೇಡವಾ ಅಂತ ನಾನು ಅವಳಲ್ಲಿ ಒಂದು ಮಾತು ಕೇಳಿರ್ಲಿಲ್ಲ."

ದಮಯಂತಿ ಆ ಮನೆ ಬಿಟ್ಟು ಈಗ ಮೂಡುಬಿದಿರೆಯಲ್ಲಿ ಇದ್ದಾರೆ. ಒಂದು ಹಾಸ್ಟೆಲಿನಲ್ಲಿ ಅಡುಗೆ, ಎರಡು ಕೋಣೆಯ ಬಾಡಿಗೆ ಮನೆ. ಮೊದಲ ಎರಡು ವರ್ಷ ಪ್ರೇಮಾವತಿಯ ಮುಖ ನೋಡಲಿಲ್ಲ. ಮೂರನೆಯ ವರ್ಷ ತಾವಾಗಿ ಫೋನ್ ಮಾಡಿ, ಯಾರಿಗಾದರೂ ನಾಲ್ಕು ದಿನ ಉಳಿಯಲು ಜಾಗ ಬೇಕಾದರೆ ನನ್ನಲ್ಲಿಗೆ ಕಳಿಸು ಎಂದರು. ಅಂದಿನಿಂದ ಏಳು ಮಂದಿ ಅಲ್ಲಿ ಇದ್ದು ಹೋಗಿದ್ದಾರೆ. ಬಂದವರಿಗೆ ದಮಯಂತಿ ಪ್ರಶ್ನೆ ಕೇಳುವುದಿಲ್ಲವಂತೆ, ಬಿಸಿ ಗಂಜಿ ಬಡಿಸಿ, ಮಾತಾಡುವುದಿದ್ದರೆ ಬಲಗಡೆ ಕೂತುಕೋ ಎಂದಷ್ಟೇ ಹೇಳುವುದಂತೆ.

ನಾನು ಅಲ್ಲಿಗೆ ಹೋದ ಡಿಸೆಂಬರ್ ವಾರದಲ್ಲಿ ಪ್ರೇಮಾವತಿ ಕಾಯುತ್ತಿದ್ದುದು ಇನ್ನೊಬ್ಬ ಹೆಂಗಸಿಗಾಗಿ. ಇಪ್ಪತ್ತೊಂಬತ್ತು ವರ್ಷದ ದೀಪಶ್ರೀ. ಐದು ವರ್ಷದ ಮಗಳು ದೀಕ್ಷಿತಾ. ಬಿಪಿ ನೋಡುವಾಗ ದೀಪಶ್ರೀ ಯಾವತ್ತೂ ಬಲ ತೋಳನ್ನೇ ಕೊಡುತ್ತಿದ್ದರು. ಎಡ ತೋಳು ಶಾಲಿನೊಳಗೆ. ಪ್ರೇಮಾವತಿ ಅದನ್ನು ಎಂಟು ತಿಂಗಳಿಂದ ನೋಡುತ್ತಿದ್ದರು. ಒಂಬತ್ತನೆಯ ತಿಂಗಳಲ್ಲಿ, ಆ ದಾರಿಯಲ್ಲಿ, ದೀಪಶ್ರೀ ತಾವೇ ಎಡ ತೋಳನ್ನು ಹೊರಗೆ ತೆಗೆದರು. ಧರ್ಣಪ್ಪನಿಗೂ ಏನೋ ಅಂದಾಜು ಇದ್ದಿರಬೇಕು. ಅಂದಿನಿಂದ ಸಾಲು ಎಷ್ಟೇ ಉದ್ದ ಇರಲಿ, ದೀಪಶ್ರೀಯ ಕ್ಯಾನನ್ನು ಅವರು ಮೊದಲು ಕರೆಯುತ್ತಿದ್ದರು. ಅದರಿಂದ ಆ ದಾರಿಗೆ ಇನ್ನೊಂದು ಐದು ನಿಮಿಷ ಸಿಗುತ್ತಿತ್ತು. ಯಾಕೆಂದು ಅವರು ಯಾರಿಗೂ ಹೇಳಲಿಲ್ಲ, ಸಾಲಿನಲ್ಲಿದ್ದ ಹೆಂಗಸರು ಯಾರೂ ಕೇಳಲಿಲ್ಲ.

ಆ ವಾರದ ಸೋಮವಾರ ದೀಪಶ್ರೀ ಬರಲಿಲ್ಲ. ಹಾಲು ತಂದದ್ದು ಆಕೆಯ ಅತ್ತೆ. ಮಂಗಳವಾರವೂ ಅತ್ತೆಯೇ. ಮಂಜು ಆ ಎರಡು ದಿನ ಎಂಟು ಗಂಟೆಯಾದರೂ ಕರಗಲಿಲ್ಲ. ಪ್ರೇಮಾವತಿ ಪ್ರತಿ ಟಿಣ್ ಸದ್ದಿಗೆ ತಲೆಯೆತ್ತಿ ಬಿಳಿಯೊಳಗೆ ನೋಡುತ್ತಿದ್ದರು. ಅವರ ಫೋನಿನಲ್ಲಿ ದೀಪಶ್ರೀಯ ಅಣ್ಣನ ನಂಬರ್ ಇತ್ತು. ಬಂಟ್ವಾಳದಲ್ಲಿ ಹೋಟೆಲ್ ಇಟ್ಟಿರುವ ಅಣ್ಣ, ತಂಗಿಯ ಮೇಲೆ ಜೀವ. ಕರೆದರೆ ಒಂದೂವರೆ ಗಂಟೆಯಲ್ಲಿ ನಾಲ್ಕು ಜನರನ್ನು ಕಟ್ಟಿಕೊಂಡು ಬರುವವನು. ಫೋನ್ ಮಾಡಿ ಎಂದು ನಾನೂ ಹೇಳಿದೆ.

"ಅವಳು ಬೇಡ ಅಂದಿದ್ದಾಳೆ. ಅಣ್ಣನಿಗೆ ಗೊತ್ತಾದರೆ ಅಣ್ಣ ಜೈಲಿಗೆ, ನಾನು ಬೀದಿಗೆ ಅಂತ ಹೇಳಿದ್ದಾಳೆ" ಎಂದರು ಪ್ರೇಮಾವತಿ. ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಅವರ ಹೆಬ್ಬೆರಳು ಆ ಹೆಸರಿನ ಮೇಲೆ ಹೋಗುವುದೂ ಹಿಂದೆ ಬರುವುದೂ ಕಾಣುತ್ತಿತ್ತು. "ಈಗ ಕಾಯುವುದು ಸರಿಯಾ, ಕಾದು ಇನ್ನೊಂದು ತಪ್ಪು ಮಾಡ್ತಾ ಇದ್ದೇನಾ, ನನಗೆ ಗೊತ್ತಿಲ್ಲ ಅಮ್ಮ."

ಬುಧವಾರ ಅವರು ಆ ಮನೆಗೆ ಹೋದರು. ಜೊತೆಗೆ ನಾನೂ ಇದ್ದೆ, ಸರ್ವೆಗೆ ಬಂದವರು ಎಂದು ಹೇಳಿಸಿಕೊಂಡು. ಗಂಡ ಮನೆಯಲ್ಲೇ ಇದ್ದ, ಒಳಗೆ ಟಿವಿಯ ಸದ್ದು. ದೀಪಶ್ರೀ ಬಾಗಿಲ ಹಿಂದೆ ನಿಂತಿದ್ದರು, ತುಟಿ ಊದಿತ್ತು. ಪ್ರೇಮಾವತಿ ಆ ಕಡೆ ನೋಡಲೇ ಇಲ್ಲ. ಜಗಲಿಯಲ್ಲಿ ಕೂತು ಅತ್ತೆಯ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಸುತ್ತುತ್ತಾ, ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ, ನಾಳೆ ಗುರುವಾರ ಆರೋಗ್ಯ ಉಪಕೇಂದ್ರದಲ್ಲಿ ದೀಕ್ಷಿತಾಳಿಗೆ ಐದು ವರ್ಷದ ಇಂಜೆಕ್ಷನ್ ಉಂಟು, ಮಗುವಿನ ತಾಯಿಯೇ ಬರಬೇಕು, ಕಾರ್ಡಿನಲ್ಲಿ ತಾಯಿಯದ್ದೇ ಸಹಿ ಬೇಕು ಎಂದರು. ಇಂಜೆಕ್ಷನ್ ನಿಜ. ಸಹಿಯ ಮಾತು ಸುಳ್ಳು.

ಮೆಷಿನ್ ಗುಂಯ್ ಎಂದು ಗಾಳಿ ತುಂಬಿ ಇಳಿಯಿತು. ಅತ್ತೆ ತಮ್ಮ ತೋಳನ್ನೇ ನೋಡುತ್ತಾ ಕೂತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು, ನನ್ನದೇ ವಯಸ್ಸು. ಪಟ್ಟಿ ಬಿಚ್ಚುವಾಗ ಸ್ವರ ತಗ್ಗಿಸಿ, ನಮಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಅವಳನ್ನೇ ಕಳಿಸ್ತೇನೆ. ಇವನಿಗೆ ನಾನು ಹೇಳ್ತೇನೆ. ಬೇಗ ಬರಬೇಕು ಅಂತ ಇಲ್ಲ."

ಆ ಮುದುಕಿಯ ಎಡ ಮೊಣಕೈ ಪೂರ್ತಿ ಮಡಚುವುದಿಲ್ಲ, ಹಳೆಯ ಮುರಿತ, ಸರಿಯಾಗಿ ಕೂಡಿಲ್ಲ ಎಂದು ಮೆಟ್ಟಿಲಿಳಿದು ಬಂದ ಮೇಲೆ ಪ್ರೇಮಾವತಿ ಹೇಳಿದರು. ಹದಿನಾರು ವರ್ಷದಿಂದ ಆ ತೋಳಿಗೆ ಪಟ್ಟಿ ಕಟ್ಟುತ್ತಿದ್ದರೂ ಹೇಗಾಯಿತು ಎಂದು ಕೇಳಿರಲಿಲ್ಲವಂತೆ.

ಅದೇ ಸಂಜೆ ಅವರು ಎರಡು ಫೋನ್ ಮಾಡಿದರು. ಒಂದು ಮೂಡುಬಿದಿರೆಗೆ, ಜಾಗ ಇಟ್ಟಿರು ಎಂದು. ಇನ್ನೊಂದು ಸಬೀಹಾ ಅವರಿಗೆ. ಸಬೀಹಾ ಬಂಟ್ವಾಳದಲ್ಲಿರುವ ಸಮಾಲೋಚಕಿ. ಹೆಂಗಸರ ದೂರನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಸಂರಕ್ಷಣಾ ಅಧಿಕಾರಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ತಲುಪಿಸುವುದು ಅವರ ಕೆಲಸ. ಮೊದಲ ಬಸ್ಸಿಗೇ ಬರುತ್ತೇನೆ, ಆದರೆ ಕೂತು ಮಾತಾಡಲು ಒಂದು ಜಾಗ ಬೇಕು ಎಂದರು.

ಗುರುವಾರ ಉಪಕೇಂದ್ರದಲ್ಲಿ ಆ ಜಾಗವೇ ಇರಲಿಲ್ಲ. ಇರುವುದು ಒಂದೇ ಹಾಲ್, ಅದರ ತುಂಬ ತಾಯಂದಿರು, ಅಳುವ ಮಕ್ಕಳು. ಜಗಲಿಯಲ್ಲಿ ಮುದುಕರು. ದೀಪಶ್ರೀ ಮಗಳ ಕೈ ಹಿಡಿದು ಬಂದರು, ಇಂಜೆಕ್ಷನ್ ಆಯಿತು, ದೀಕ್ಷಿತಾ ಅತ್ತು ಸುಮ್ಮನಾದಳು. ಇವರಲ್ಲಿ ಮಾತಾಡ್ತೀಯಾ ಎಂದು ಪ್ರೇಮಾವತಿ ಮೆಲ್ಲಗೆ ಕೇಳಿದ್ದಕ್ಕೆ ತಲೆಯಾಡಿಸಿ, ಗೋಡೆ ಬದಿಯಲ್ಲಿ ನಿಂತ ಸಬೀಹಾರ ಹತ್ತಿರ ಹೋಗಿ ದೀಪಶ್ರೀ ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಮನೆಯವಳೊಬ್ಬಳು ತುಟಿಗೆ ಏನಾಯ್ತು ಎಂದು ಬಗ್ಗಿ ನೋಡಿದಳು. ದೀಪಶ್ರೀ ಬಾಯಿ ಮುಚ್ಚಿದರು. ಮಗುವನ್ನು ಎತ್ತಿಕೊಂಡು ಮೆಟ್ಟಿಲ ಕಡೆ ತಿರುಗಿದರು. ಅಲ್ಲಿಂದ ಇಳಿದಿದ್ದರೆ ಆಕೆ ಇನ್ನೊಮ್ಮೆ ಬರುತ್ತಿರಲಿಲ್ಲ ಎಂದು ಪ್ರೇಮಾವತಿ ಇವತ್ತಿಗೂ ಹೇಳುತ್ತಾರೆ.

ಹೊರಗೆ ಹಲಸಿನ ಮರದ ಕೆಳಗೆ ನಿಝಾರ್ ಎಂಬವರ ರಿಕ್ಷಾ ನಿಂತಿತ್ತು. ಲಸಿಕೆಯ ದಿನ ದೂರದ ತಾಯಂದಿರನ್ನು ಕರೆತರುವವರು ಅವರೇ. ಪ್ರೇಮಾವತಿ ಓಡುವ ಹಾಗೆ ಅವರಲ್ಲಿಗೆ ಹೋದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ, ಎರಡು ಮಾತಿಗಿಂತ ಹೆಚ್ಚಿಲ್ಲ. ನಿಝಾರ್ ರಿಕ್ಷಾದ ಎರಡೂ ಬದಿಯ ಮಳೆ ಪರದೆಗಳನ್ನು ಬಿಚ್ಚಿ ಇಳಿಸಿದರು, ಹುಕ್ಕು ಸಿಕ್ಕಿಸಿದರು, ಮುಂದಿನ ಗಾಜಿಗೆ ತಮ್ಮ ಹೆಗಲ ಮೇಲಿನ ಟವೆಲು ಹರಡಿದರು. ಪ್ರೇಮಾವತಿ ಮಗುವನ್ನು ಎತ್ತಿಕೊಂಡು ರಿಕ್ಷಾದ ಕಡೆ ಕೈ ತೋರಿಸಿದ ಮೇಲೆ ಸಬೀಹಾ ಮತ್ತು ದೀಪಶ್ರೀ ಒಳಗೆ ಕೂತರು. ನಿಝಾರ್ ಇಪ್ಪತ್ತು ಹೆಜ್ಜೆ ಆಚೆ ಹೋಗಿ ಬೆನ್ನು ಹಾಕಿ ನಿಂತರು. ಯಾರೋ ಬಾಡಿಗೆಗೆ ಕರೆದರು. ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂದರು. ಇನ್ನೊಬ್ಬ, ದೂಡಿ ಕೊಡ್ತೇನೆ ಬಾ ಮಾರಾಯ ಎಂದ. "ದೂಡಿದರೆ ಇನ್ನೂ ಹಾಳಾಗ್ತದೆ, ಅದರ ಪಾಡಿಗೆ ಬಿಡು" ಎಂದು ನಿಝಾರ್ ತಿರುಗದೆಯೇ ಹೇಳಿದರು.

ಐವತ್ತು ನಿಮಿಷ. ಬಿಸಿಲು ಮೆಲ್ಲಗೆ ಹಲಸಿನ ಎಲೆಗಳಿಂದ ಇಳಿದು ಆ ಹಳೆಯ ನೀಲಿ ಪರದೆಯ ಮೇಲೆ ಆಡುತ್ತಿತ್ತು. ದೀಕ್ಷಿತಾ ಪ್ರೇಮಾವತಿಯ ಮಡಿಲಲ್ಲಿ ನಿದ್ದೆ ಹೋದಳು. ಪರದೆಯ ಆಚೆಯಿಂದ ಒಂದು ಸ್ವರ, ಬಾವಿಯ ತಳದಲ್ಲಿ ನೀರು ತುಂಬುವ ಹಾಗೆ, ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಾವು ಕೇಳಿಸಿಕೊಳ್ಳಲಿಲ್ಲ.

ಪರದೆ ಸರಿಸಿ ಸಬೀಹಾ ಪ್ರೇಮಾವತಿಯನ್ನು ಕರೆದರು. ಬರೆದದ್ದು ಮುಗಿದಿತ್ತು. ನಿಮಗೆ ಏನು ಬೇಕು ಎಂಬ ಪ್ರಶ್ನೆಯೊಂದು ಉಳಿದಿತ್ತು, ಅದಕ್ಕೆ ಪ್ರೇಮಕ್ಕನ ಎದುರಿಗೇ ಉತ್ತರ ಹೇಳುತ್ತೇನೆ ಎಂದು ದೀಪಶ್ರೀ ಹಟ ಹಿಡಿದಿದ್ದರಂತೆ. ಮೂಡುಬಿದಿರೆಯಲ್ಲಿ ಚಾಪೆ ಹಾಸಿಯಾಗಿತ್ತು. ಮಧ್ಯಾಹ್ನದ ಬಸ್ಸಿನ ಸಮಯವನ್ನೂ ನೋಡಿಟ್ಟಿದ್ದರು.

"ನಾನು ಎಲ್ಲಿಗೂ ಹೋಗುವುದಿಲ್ಲ ಪ್ರೇಮಕ್ಕ" ಎಂದರು ದೀಪಶ್ರೀ. "ದನ ನಾನು ಸಾಕಿದ್ದು. ಮಗಳ ಶಾಲೆ ಇಲ್ಲಿ. ಅತ್ತೆಗೆ ನಾನಿಲ್ಲದಿದ್ದರೆ ಯಾರೂ ಇಲ್ಲ. ಹೊಡೆಯುವವರು ಹೋಗಲಿ."

ಪ್ರೇಮಾವತಿಯ ಮುಖದ ಮೇಲೆ ಹೆದರಿಕೆ ಹಾದುಹೋಯಿತು, ಅದನ್ನು ನಾನು ಕಂಡೆ. ಆಮೇಲೆ, "ಆಯ್ತು. ಹಾಗೆಯೇ ಬರೆಯಿರಿ ಸಬೀಹಾ" ಎಂದರು.

ಮುಂದಿನ ಮೂರು ವಾರ ಸುಲಭವಾಗಿರಲಿಲ್ಲ. ಮಹಿಳಾ ಪೇದೆಯೊಬ್ಬರು ಎರಡು ದಿನಕ್ಕೊಮ್ಮೆ ಬಂದು ದೀಪಶ್ರೀಯ ಮನೆಯ ಜಗಲಿಯಲ್ಲಿ ಕೂತು ನೀರು ಕೇಳಿ ಹೋಗುತ್ತಿದ್ದರು. ಪ್ರೇಮಾವತಿ ದಿನವೂ ಅತ್ತೆಯ ಬಿಪಿ ನೋಡಿದರು. ಊರಿನ ಕೆಲವರು ಮನೆ ಒಡೆಯುವವಳು ಎಂದು ಅವರ ಬೆನ್ನ ಹಿಂದೆ ಆಡಿದರು, ಒಂದಿಬ್ಬರು ಎದುರಿಗೇ ಆಡಿದರು. ಆಮೇಲೆ ನ್ಯಾಯಾಲಯದ ಮಧ್ಯಂತರ ಆದೇಶ ಬಂತು. ಪ್ರಕರಣ ಮುಗಿಯುವವರೆಗೆ ಗಂಡ ಆ ಮನೆಯಲ್ಲಿ ಇರುವಂತಿಲ್ಲ. ಅವನೀಗ ಬಂಧುಗಳ ಮನೆಯಲ್ಲಿದ್ದಾನೆ. ಆದೇಶದ ಕಾಗದವನ್ನು ಅತ್ತೆ ತಮ್ಮ ಪೆಟ್ಟಿಗೆಯಲ್ಲಿ, ಒಳ್ಳೆಯ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಾರೆ. ಮುಂದೆ ಹೇಗೋ ಗೊತ್ತಿಲ್ಲ, ಈಗಂತೂ ದೀಪಶ್ರೀ ಎರಡೂ ಹೊತ್ತು ಹಾಲು ತರುತ್ತಾರೆ.

ಅಚ್ಚಿಗೆ ಕೊಡುವ ಮೊದಲು ಈ ಬರಹವನ್ನು ಆಕೆಗೆ ಓದಿ ಹೇಳಿದೆ. ಒಂದೇ ಒಂದು ತಿದ್ದುಪಡಿ ಮಾಡಿಸಿದರು. ರಿಕ್ಷಾದೊಳಗೆ ಅತ್ತರು ಎಂದು ನಾನು ಬರೆದಿದ್ದೆ. ಅಳಲಿಲ್ಲ, ಅಲ್ಲಿ ಮಾತಾಡಲಿಕ್ಕೇ ಹೊತ್ತು ಸಾಲಲಿಲ್ಲ ಎಂದರು.

ಆ ಡಿಸೆಂಬರ್ ವಾರದ ಕೊನೆಯ ದಿನ ಉಪಕೇಂದ್ರದ ಮೆಟ್ಟಿಲಲ್ಲಿ ಕೂತು ಪ್ರೇಮಾವತಿಯನ್ನು ಕೇಳಿದೆ, ನಿಮಗೇನು ಬೇಕು ಎಂದು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೇನೋ. ಮೆಟ್ಟಿಲಿನ ಅಂಚಿಗೆ ಚಪ್ಪಲಿಯ ಮಣ್ಣು ಕೆರೆದರು.

"ಒಂದು ಕೋಣೆ" ಎಂದರು ಆಮೇಲೆ. "ದೊಡ್ಡದು ಬೇಡ. ಇಬ್ಬರು ಕೂತುಕೊಳ್ಳುವಷ್ಟು. ಒಳಗಿನಿಂದ ಚಿಲಕ ಹಾಕುವಂಥದ್ದು. ನಿಝಾರಿಗೂ ಬಾಡಿಗೆ ಉಂಟಲ್ಲ ಅಮ್ಮ, ಅವನ ಹೊಟ್ಟೆಪಾಡು."

ಎದ್ದು ಹೋಗಿ ಉಪಕೇಂದ್ರದ ಹಾಲ್‌ನ ಹಿಂದಿರುವ ಸ್ಟೋರ್ ರೂಮಿನ ಬಾಗಿಲು ತಳ್ಳಿ ತೋರಿಸಿದರು. ಮುರಿದ ಮಂಚ, ಹಳೆಯ ಪೋಸ್ಟರುಗಳ ಕಟ್ಟು, ಸುಣ್ಣದ ಚೀಲ. ಎತ್ತರದಲ್ಲಿ ಒಂದು ಸಣ್ಣ ಕಿಟಕಿ, ಅದರಿಂದ ಬೆಳಕಿನ ಒಂದು ಪಟ್ಟೆ ಧೂಳಿನ ನಡುವೆ ನಿಂತಿತ್ತು. ಪ್ರೇಮಾವತಿ ಬಾಗಿಲನ್ನು ಎರಡು ಸಲ ಮುಚ್ಚಿ ತೆರೆದು, ಚೌಕಟ್ಟಿನ ಮೇಲೆ ಚಿಲಕ ಎಲ್ಲಿ ಬರಬೇಕೆಂದು ಬೆರಳಿಟ್ಟು ನೋಡಿದರು.

"ಇದು ಆಗ್ತದೆ. ಮೇಲಿನವರು ಅನುಮತಿ ಕೊಟ್ಟರೆ ಸಾಕು. ಗುಡಿಸುವುದು ನಾನೇ ಗುಡಿಸ್ತೇನೆ."